ಅಂದರೆ

ಮೊದಲ ಶನಿವಾರವೇ ಲೆಕ್ಕ ಕೈಗೆ ಕೊಟ್ಟರು:
ಎರಡು ನಿಮಿಷದಲ್ಲಿ ಇಪ್ಪತ್ಮೂರು 'ಅಂದರೆ',
ಒಂಬತ್ತು 'ಮತ್ತೆ', ಆರು ಸಲ ಗಂಟಲು ಕೆರೆದದ್ದು.
ಗೀಟು ಹಾಕಿದವಳು ಕೋಡಿಬಾಗದ ವಿಲ್ಮಾ,
ನರ್ಸಿಂಗ್ ಕಲಿಯುವ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು.
ನಾಲ್ಕು ಗೀಟಿಗೊಂದು ಅಡ್ಡಗೀಟು,
ಹರಾಜಿನಲ್ಲಿ ಬಂಗಡೆ ಬುಟ್ಟಿ ಎಣಿಸುವ ಹಾಗೆ.
"ಬೇಜಾರಾಗಬೇಡಿ ಅಂಕಲ್," ಅಂದಳು.
"ಇಲ್ಲ, ಅಂದರೆ..." ಅಂದೆ.
ಇಪ್ಪತ್ನಾಲ್ಕು.

ಕಾಜುಬಾಗದ ಹಾರ್ಡ್‌ವೇರ್ ಅಂಗಡಿಯ ಮಾಳಿಗೆ.
ಕೆಳಗೆ ಮೊಳೆ ತೂಗುವ ಸದ್ದು, ಮೇಲೆ
ಹದಿನಾಲ್ಕು ಕುರ್ಚಿ, ಹನ್ನೊಂದು ಜನ,
ಎಲ್ಲರಿಗೂ ಮಾತು ಬೇಕು.

ನಾನು ಬಂದರಿನ ಸರ್ವೆಯವ. ಇಪ್ಪತ್ತಾರು ವರ್ಷ
ನೀರಿನ ಆಳ ಅಳೆದಿದ್ದೇನೆ.
ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ,
ಫೈಲಿನಲ್ಲಿ ಇಂಗ್ಲಿಷು, ದೋಣಿಯಲ್ಲಿ ಬರೀ ಅಂಕಿ.
ಅಂಕಿಗೆ ವ್ಯಾಕರಣ ಬೇಡ.

ಮಾರ್ಚಿನ ಸಭೆಯಲ್ಲಿ
ವಾಸ್ಕೋದಿಂದ ಬಂದ ಸಲಹೆಗಾರ, ಇಸ್ತ್ರಿ ಕೆಡದ ಅಂಗಿ,
ಪರದೆ ತುಂಬ ನೀಲಿ ಬಳಿದು ಹೇಳಿದ:
ಹಡಗಿನ ದಾರಿಯಲ್ಲಿ ಏಳೂವರೆ ಮೀಟರ್ ಇದೆ.
ಆರೇ ಇತ್ತು. ಹಿಂದಿನ ವಾರ ನಾನೇ ಅಳೆದಿದ್ದೆ.
ಆ ಆರು ನನ್ನ ನಾಲಿಗೆಯ ತುದಿಗೆ ಬಂದು,
ಎಲ್ಲರ ತಲೆ ಅಲ್ಲಾಡುವುದನ್ನು ನೋಡಿ,
ಬಂದ ದಾರಿಯಲ್ಲೇ ಇಳಿದುಹೋಯಿತು.
ಚಹಾ ಬಂತು. ಗೋಡಂಬಿ ಬಿಸ್ಕೀಟು ಬಂತು.
ಒಂದೂವರೆ ಮೀಟರ್ ಹೂಳು ನುಂಗಿಕೊಂಡು ಮನೆಗೆ ಹೋದೆ.

ಸಮಯ ನೋಡುವವರು ಪೆಡ್ನೇಕರ ಮಾಸ್ತರರು.
ಹಸಿರು ಚೀಟಿ, ಹಳದಿ ಚೀಟಿ, ಕೆಂಪು ಚೀಟಿ.
ಒಮ್ಮೆ ಕೆಂಪು ಕಂಡರೂ ನಾನು ನಿಲ್ಲಲಿಲ್ಲ.
ಬಂದರಿನಲ್ಲಿ ಕೆಂಪು ಬೋಯಾ ಅಂದರೆ
(ಇದನ್ನು ಎಣಿಸಬೇಡಿ)
ನಿಲ್ಲು ಅಂತಲ್ಲ; ಒಳಬರುವಾಗ ಎಡಕ್ಕಿಟ್ಟುಕೊಂಡು ಸಾಗು ಅಂತ.
ಮಾಸ್ತರರನ್ನು ಎಡಕ್ಕಿಟ್ಟುಕೊಂಡು
ಮತ್ತೂ ಮೂರು ನಿಮಿಷ ಸಾಗಿದೆ.

ಮನೆಯಲ್ಲಿ ಸುಲಕ್ಷಾ ತಂಗಿಗೆ ಫೋನಿನಲ್ಲಿ:
ಇಪ್ಪತ್ತು ವರ್ಷ ನನ್ನೆದುರು ತುಟಿ ಬಿಚ್ಚದ ಮನುಷ್ಯ
ಈಗ ಬಚ್ಚಲ ಕನ್ನಡಿಗೆ 'ಸನ್ಮಾನ್ಯ ಅಧ್ಯಕ್ಷರೆ' ಅನ್ನುತ್ತಾನೆ.

ಚೀಟಿ ಎತ್ತಿ ಮಾತಾಡುವ ಸರದಿ. ನನಗೆ ಬಂದದ್ದು
'ನಿಮಗೆ ಪ್ರಿಯವಾದ ಹಬ್ಬ'.
ಹಬ್ಬದಿಂದ ಹೊರಟವ ಎಲ್ಲೆಲ್ಲೋ ಸುತ್ತಿ ಕೆಸರಿಗೆ ಬಂದೆ.
ಬಾಬುಸೊ ತಾಂಡೇಲ ಕಲಿಸಿದ್ದು ಹೇಳಿದೆ:
ಯಂತ್ರ ಕೆಟ್ಟ ದಿನ ದಾರಕ್ಕೆ ಸೀಸದ ಗುಂಡು,
ಗುಂಡಿನ ತಳದ ಕುಳಿಗೆ ಮೇಣ ಮೆತ್ತಿ ಬಿಡಬೇಕು.
ದಾರ ಬಿಟ್ಟಮೇಲೆ ಬಾಯಿ ಬಿಡಬಾರದು.
ಕೈಯಲ್ಲಿ ಅದು ಸಡಿಲಾಗುವವರೆಗೆ ಕಾಯಬೇಕು.
ಸಡಿಲಾಯಿತೆ? ಈಗ ಹೇಳು, ಎಷ್ಟು.
ಮೇಲೆತ್ತಿದರೆ ಮೇಣಕ್ಕೆ ಅಂಟಿದ್ದು ಮರಳೋ, ಚಿಪ್ಪಿನ ಚೂರೋ,
ಕಾಳಿನದಿ ಹೊತ್ತು ತಂದ ಕರಿ ಕೆಸರೋ,
ಅದು ಸಾಕ್ಷಿ.

ಇಷ್ಟು ಹೇಳಿ ನಿಂತೆ.
ಕೆಳಗೆ ತಕ್ಕಡಿ ಟಣ್ ಅಂದಿತು.
ವಿಲ್ಮಾಳ ಪೆನ್ಸಿಲು ಗಾಳಿಯಲ್ಲೇ ಇತ್ತು.
"ನಾಲ್ಕೇ," ಅಂದಳು ಆಮೇಲೆ.
ಆ ನಾಲ್ಕೂ ಹಬ್ಬದ ಭಾಗದಲ್ಲಿ ಬಿದ್ದವು.

ಭಾಷಣಕಾರನೇನೂ ಆಗಿಲ್ಲ ನಾನು.
ಕೈ ಎಲ್ಲಿಡಬೇಕೆಂದು ಈಗಲೂ ಗೊತ್ತಿಲ್ಲ,
ತಮ್ಮಷ್ಟಕ್ಕೆ ಪ್ಯಾಂಟಿನ ಜೇಬು ಹುಡುಕುತ್ತವೆ ಅವು.

ಸೋಮವಾರ ಮತ್ತೆ ಸಭೆ. ಅದೇ ಪರದೆ, ಅದೇ ನೀಲಿ, ಅದೇ ಏಳೂವರೆ.
ಎದ್ದೆ. ಕುರ್ಚಿ ಕಿರ್ರೆಂದಿತು, ಎಲ್ಲರೂ ತಿರುಗಿದರು.
'ಅಂದರೆ' ಬಾಗಿಲಿಗೇ ಬಂದು ನಿಂತಿತ್ತು.
ಅದನ್ನು ಬಿಡಲಿಲ್ಲ, ದಾರ ಬಿಟ್ಟೆ.
ಫ್ಯಾನು ಸುತ್ತುತ್ತಿತ್ತು.
ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು.
ಇನ್ನೂ ಇಳಿಯುತ್ತಿತ್ತು.

"ಆರು," ಅಂದೆ.
"ಏನು?" ಅಂತ ಯಾರೋ ಕೇಳಿದರು.

ಎರಡನೆಯ ಸಲ ಹೇಳುವುದು ಸುಲಭ.